ಕಟ್ಟೆಯ ಮೇಲಿನ ಕೆಂಪು ಗೆರೆ

ಬರ ಬಂದಿದೆಯೆಂದು ಸರ್ಕಾರ ಸಾರಿದ ದಿನವೂ ಮಳೆ ಬರುತ್ತಿತ್ತು.

ಜೋರು ಮಳೆಯೇನಲ್ಲ. ಆ ನಾಡಿನಲ್ಲಿ ವರ್ಷದ ಮುಕ್ಕಾಲು ಪಾಲು ಬೀಳುವ ಅದೇ ಜಿನುಗು. ಹಗ್ಗದ ಮೇಲಿನ ಬಟ್ಟೆಯನ್ನು ಒಣಗಗೊಡದ, ಆದರೆ ಕೊಡೆ ಬಿಚ್ಚಲೋ ಬೇಡವೋ ಎಂದು ಅನುಮಾನಕ್ಕೆ ಬೀಳಿಸುವಷ್ಟು ತೆಳ್ಳಗಿನ ಮಳೆ. ಜನ ಪತ್ರಿಕೆಯನ್ನು ತಲೆಯ ಮೇಲೆ ಹಿಡಿದುಕೊಂಡು ಬಸ್ಸಿಗೆ ಓಡುತ್ತಿದ್ದರು. ಆ ಪತ್ರಿಕೆಯ ಮೊದಲ ಪುಟದಲ್ಲೇ ‘ಬರ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಬಸ್ಸಿನೊಳಗೆ ಬಿಚ್ಚಿ ಓದುವಷ್ಟರಲ್ಲಿ ಆ ಅಕ್ಷರ ಒದ್ದೆಯಾಗಿ ಹಿಂದಿನ ಪುಟಕ್ಕೆ ಅಂಟಿಕೊಂಡಿತ್ತು.

ಅಂದಿನಿಂದ ಊರಿಗೆ ಊರೇ ಎರಡು ಪಾಲಾಯಿತು. ತಗ್ಗಿನ ಬೀದಿಗಳವರು ಇದೆಂಥ ಬರವಯ್ಯಾ ಎಂದು ನಕ್ಕರು. ದಿನ್ನೆಯ ಬೀದಿಗಳಲ್ಲಿ ನಲ್ಲಿಗಳು ಆಗಲೇ ಗೊರಗೊರ ಸದ್ದು ಮಾಡಿ ಸುಮ್ಮನಾಗಿದ್ದವು. ಅವರಿಗೆ ನಗು ಬರಲಿಲ್ಲ. ನೀರು ದಿನಕ್ಕೆ ಎರಡೇ ಗಂಟೆ ಎಂದಾಯಿತು. ಕಾರು ತೊಳೆಯುವಂತಿಲ್ಲ, ಮೆಟ್ಟಿಲು ತೊಳೆಯುವಂತಿಲ್ಲ, ಬಟ್ಟೆ ಒಗೆಯುವ ಅಂಗಡಿಗಳು ವಾರಕ್ಕೆ ಮೂರೇ ದಿನ. ದಿನ್ನೆಗೆ ಟ್ಯಾಂಕರುಗಳು ಹತ್ತತೊಡಗಿದವು. ಒಂದು ಬೆಳಿಗ್ಗೆ ತಗ್ಗಿನವರೆಲ್ಲ ಸೇರಿ ಅಂತರ್ಜಲ ಕಚೇರಿಯ ಮೆಟ್ಟಿಲುಗಳ ತುಂಬ ಮಳೆನೀರು ಹಿಡಿದ ಪಾತ್ರೆಗಳನ್ನು ತಂದಿಟ್ಟು ಹೋದರು. ಬಕೆಟ್ಟು, ಬಾಣಲೆ, ಮಗುವಿಗೆ ಸ್ನಾನ ಮಾಡಿಸುವ ತೊಟ್ಟಿ, ಯಾರದೋ ಒಂದು ಹೆಲ್ಮೆಟ್ಟು. ‘ನಿಮ್ಮ ಬರ, ನೀವೇ ಇಟ್ಟುಕೊಳ್ಳಿ’ ಎಂದೊಂದು ಚೀಟಿ. ಕಚೇರಿಯ ಕಾವಲುಗಾರ ಆ ನೀರನ್ನು ಒಳಗೆ ಸಾಗಿಸಿ ಎರಡು ದಿನ ನೆಲ ಒರೆಸಿದ. ನೆಲವೂ ತಂಪಾಯಿತು, ಅವರ ಹೊಟ್ಟೆಯೂ ತಂಪಾಗಲಿ ಎಂದು ಹರಸಿದ.

ಕಚೇರಿಯ ಗೇಟಿನ ಪಕ್ಕ ಕೂರುವ ಕೊಡೆ ರಿಪೇರಿಯವನಂತೂ ದಿನಾ ಒಂದು ಮಾತು ಕಾದಿಟ್ಟುಕೊಂಡಿರುತ್ತಿದ್ದ. “ಅಕ್ಕಾ, ನಿಮ್ಮ ಬರ ಹೀಗೇ ಇರ್ಲಿ. ಇಷ್ಟು ವರ್ಷದಲ್ಲಿ ಇಷ್ಟು ಕೊಡೆ ನನ್ನ ಕೈಗೆ ಬಂದಿರ್ಲಿಲ್ಲ.”

ಅವನು ಅಕ್ಕ ಎಂದದ್ದು ಬಾವಿಯಮ್ಮನನ್ನು. ಇಪ್ಪತ್ತೆರಡು ವರ್ಷಗಳಿಂದ ಊರಿನ ನಲವತ್ತು ಅಳತೆಬಾವಿಗಳ ನೀರನ್ನು ತಿಂಗಳಿಗೊಮ್ಮೆ ಅಳೆಯುತ್ತಿದ್ದ ಆಕೆಗೆ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ನಲವತ್ತೆಂಟರ ಹೆಂಗಸು, ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಕೆಲಸವೂ ಮಾತಿನದಲ್ಲ, ಕೇಳುವುದರದು. ಉಕ್ಕಿನ ಟೇಪಿನ ತುದಿಗೆ ಬುಡ ಟೊಳ್ಳಾದ ಒಂದು ಹಿತ್ತಾಳೆಯ ಗುಂಡು. ಅದನ್ನು ಬಾವಿಯ ಕತ್ತಲೆಗೆ ಇಳಿಬಿಡುತ್ತಾ ಹೋಗಬೇಕು, ಕಿವಿ ಕಟ್ಟೆಯಂಚಿಗಿರಬೇಕು. ಗುಂಡು ನೀರು ಮುಟ್ಟಿದ ಕ್ಷಣಕ್ಕೆ ‘ಗುಳಕ್’ ಎಂದು ಒಂದೇ ಒಂದು ಸಲ ಕೇಳುತ್ತದೆ. ಅಲ್ಲಿಗೆ ಬೆರಳಿನಿಂದ ಟೇಪನ್ನು ಕಟ್ಟೆಯ ಗುರುತಿಗೆ ಒತ್ತಿ ಹಿಡಿದು ಅಂಕಿ ಓದಬೇಕು. ಹೊಸಬರು ಎತ್ತಿ ಇಳಿಸಿ ಮೂರು ಸಲ ಕೇಳಿಸಿಕೊಳ್ಳುತ್ತಾರೆ. ಬಾವಿಯಮ್ಮನಿಗೆ ಒಂದೇ ಸಲ ಸಾಕು.

ಬರವನ್ನು ನಿರ್ಧರಿಸಿದ್ದು ಅವಳ ಮೂವತ್ತೇಳನೇ ಬಾವಿ. ಕಾಯಿದೆಯ ಪ್ರಕಾರ ಊರಿಗೊಂದು ಸಾಕ್ಷಿಬಾವಿ; ಈ ಊರಿನದು ಹಳೇ ಲಾಂಡ್ರಿಯ ಹಿಂದಿನ ಅಂಗಳದಲ್ಲಿತ್ತು. ಅದರ ನೀರು ಕಟ್ಟೆಯಿಂದ ಮೂವತ್ತೊಂದು ಅಡಿ ಕೆಳಗಿರುವುದು ವಾಡಿಕೆ. ಮೂವತ್ತೊಂಬತ್ತಕ್ಕೆ ಇಳಿದರೆ ಬರ. ಅವಳು ಓದಿದ್ದು ನಲವತ್ತು ಅಡಿ ಎರಡು ಅಂಗುಲ.

ಆದರೆ ಅವಳಿಗೆ ಊರಿನ ನಗುವಿನ ಚಿಂತೆ ಇರಲಿಲ್ಲ. ಅವಳ ಚಿಂತೆ ಶನಿವಾರದ ಸಂಜೆಗಳದು.

ಆ ಊರಿನ ಮಳೆ ಅಳೆಯುತ್ತಿದ್ದವನು ಅವಳ ಅಣ್ಣ. ಹವಾಮಾನ ಕಚೇರಿಯ ಹುಲ್ಲಂಗಳದಲ್ಲಿ ಸೊಂಟದೆತ್ತರಕ್ಕೆ ನಿಂತ ತಾಮ್ರದ ಡಬ್ಬಿ ಅವನದು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ಬರೆಯುತ್ತಿದ್ದ. ಬೀದಿಯವರು ಡಬ್ಬಿ ಸಾಹೇಬರು ಎನ್ನುತ್ತಿದ್ದರು. ಒಂದೇ ಮನೆಯಲ್ಲಿ ಹುಟ್ಟಿದವರಲ್ಲಿ ಒಬ್ಬ ಮೇಲಿಂದ ಬೀಳುವುದನ್ನೂ ಒಬ್ಬಳು ಕೆಳಗೆ ನಿಲ್ಲುವುದನ್ನೂ ಅಳೆಯುವುದೇ ಎಂದು ಅವರ ಅಮ್ಮ ಬದುಕಿದ್ದಾಗ ನಗುತ್ತಿದ್ದಳು. ನಡುವಿನದನ್ನು ಅಳೆಯೋಕೆ ಮೂರನೇದೊಂದು ಹೆರಬೇಕಿತ್ತು ಎನ್ನುತ್ತಿದ್ದಳು.

ಅಮ್ಮ ಪದ್ಯ ಓದುತ್ತಿದ್ದವಳು. ಶನಿವಾರ ಸಂಜೆ ದೀಪ ಹಚ್ಚಿ, ತನ್ನ ಕೈಬರಹದ ದಪ್ಪ ನೋಟ್‌ಬುಕ್ ತೆರೆದು, ರಾಗವಾಗಿ ಓದುವಳು. ಮಕ್ಕಳು ಎರಡು ಪಕ್ಕದಲ್ಲಿ. ಓದುವ ಮುಂಚೆ ಆ ಮನೆಯಲ್ಲೊಂದು ಕಟ್ಟುಪಾಡಿತ್ತು. ಒಬ್ಬೊಬ್ಬರಾಗಿ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರಬೇಕು. ಮುಕ್ಕಳಿಸುವ ಮುಂಚೆ, ಆ ವಾರ ಹೇಳಿದ ಸುಳ್ಳೇನಾದರೂ ಇದ್ದರೆ, ಹೇಳದೆ ಮುಚ್ಚಿಟ್ಟದ್ದೇನಾದರೂ ಇದ್ದರೆ, ಅಮ್ಮನ ಮುಂದೆ ಹೇಳಿಬಿಡಬೇಕು. ಅದಕ್ಕೆ ಬೈಗುಳವಿಲ್ಲ, ಏಟಿಲ್ಲ. “ಹೇಳಾಯ್ತಾ? ಹೋಗು, ತೊಳ್ಕೊಂಡು ಬಾ” ಅಷ್ಟೇ. ದೇವರ ಪದ ಕೂರುವ ಜಾಗದಲ್ಲಿ ಇನ್ನೊಂದು ಕೂತಿರಬಾರದು ಎನ್ನುವುದು ಅವಳ ಲೆಕ್ಕ. ಹೀಗೆ ಒಡೆದ ಗಾಜು, ಬಚ್ಚಿಟ್ಟ ಅಂಕಪಟ್ಟಿ, ಶಾಲೆ ತಪ್ಪಿಸಿ ಕೆರೆಗೆ ಹೋದದ್ದು, ಎಲ್ಲ ಆ ಹಿತ್ತಲಿನ ಕಲ್ಲಿನ ಮೇಲೆ ನೀರಾಗಿ ಹರಿದುಹೋಗಿದ್ದವು.

ಕೊನೆಕೊನೆಗೆ ಅಮ್ಮನ ಗಂಟಲು ಸೋತಾಗ ಓದುವುದು ಅಣ್ಣನ ಪಾಲಿಗೆ ಬಂತು. ಅವನಿಗೆ ಅಮ್ಮನದೇ ಕಂಠ, ಒಂದು ಮೆಟ್ಟಿಲು ಕೆಳಗೆ. ತಂಗಿ ಎಂದೂ ಓದಲಿಲ್ಲ. ಅವಳದು ಕೇಳುವ ಪಾಲು. ಅಮ್ಮ ಹೋದ ಮೇಲೂ ಇಬ್ಬರೂ ಬಿಡಲಿಲ್ಲ. ಶನಿವಾರ ಸಂಜೆ ನಾಲ್ಕು ಬೀದಿ ದಾಟಿ ಅಣ್ಣ ಬರುವನು, ಕೊಡೆಯನ್ನು ಬಾಗಿಲ ಹಿಂದೆ ಒರಗಿಸುವನು, ಹಿತ್ತಲಿಗೆ ಹೋಗಿ ಮುಕ್ಕಳಿಸುವನು. ಹೇಳುವುದೇನೂ ಇಲ್ಲದ ವಯಸ್ಸು ಅದು. “ಏನೂ ಇಲ್ಲಮ್ಮಾ” ಎಂದು ಅಮ್ಮನಿಗೆ ಹೇಳುವಂತೆ ಗೋಡೆಗೆ ಹೇಳಿ ಒಳಗೆ ಬರುವನು. ಆಮೇಲೆ ಒಂದು ಗಂಟೆ ಹೊತ್ತು ಬಾವಿಯಮ್ಮ ಕಣ್ಣು ಮುಚ್ಚಿ ಕೂರುವಳು. ದನಿ ಅವಳೊಳಗೆ ಇಳಿಯುತ್ತ ಇಳಿಯುತ್ತ ಎಲ್ಲೋ ಒಂದು ಕಡೆ ಮುಟ್ಟುತ್ತಿತ್ತು. ವಾರವಿಡೀ ಅವಳು ಆ ಮುಟ್ಟುವುದಕ್ಕಾಗಿ ಬದುಕುತ್ತಿದ್ದಳು ಎಂದರೂ ತಪ್ಪಲ್ಲ.

ಬರ ಸಾರಿದ ಮರುದಿನ ವರದಿಗಾರರು ಅಣ್ಣನನ್ನು ಸುತ್ತಿಕೊಂಡರು. ಅವನು ವರ್ಷದಲ್ಲಿ ಇನ್ನೂರ ಅರವತ್ತು ದಿನ ಮಳೆಯಾಗಿದೆ, ವಾಡಿಕೆಗೆ ಹತ್ತಿರವೇ ಇದೆ ಎಂದ. ಹಾಗಾದರೆ ನಿಮ್ಮ ತಂಗಿ ಹೇಳೋದು ಸುಳ್ಳಾ ಎಂದು ಒಬ್ಬ ಕೇಳಿದ್ದಕ್ಕೆ, ಡಬ್ಬಿಯದನ್ನು ಕೇಳಿದ್ರಿ, ಹೇಳಿದೆ; ಬಾವಿಯದನ್ನು ಬಾವಿಯವರನ್ನೇ ಕೇಳಿ ಎಂದ. ಮರುದಿನದ ಪತ್ರಿಕೆಯಲ್ಲಿ ‘ಅಣ್ಣನ ಮಳೆ, ತಂಗಿಯ ಬರ’ ಎಂದು ಬಂತು, ಇಬ್ಬರ ಚಿತ್ರದ ನಡುವೆ ಒಂದು ಒಡೆದ ಕೊಡೆ. ಆ ಶನಿವಾರ ಅಣ್ಣ ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ.

ಮೊದಲು ಅವಳು ದೀಪ ಹಚ್ಚಿ ಕಾದಳು. ಆಮೇಲೆ ಹಚ್ಚದೆ ಕಾದಳು. ಮೂರನೇ ವಾರ ಅತ್ತಿಗೆ ಮಾರುಕಟ್ಟೆಯಲ್ಲಿ ಸಿಕ್ಕಾಗ, ಯಾಕೋ ಮಂಕಾಗಿದ್ದಾರೆ, ಊಟದ ತಟ್ಟೆ ಮುಂದೆ ಇಟ್ಟುಕೊಂಡು ಎತ್ತಲೋ ನೋಡ್ತಾ ಕೂತಿರ್ತಾರೆ, ಕೇಳಿದರೆ ಬಾಯಿ ಬಿಡೋದಿಲ್ಲ ಎಂದಳು. ತನ್ನ ಕಚೇರಿಯ ಮಾತು ಬಿದ್ದುಹೋಯಿತೆಂದು ಅಣ್ಣನಿಗೆ ಉರಿ ಎಂದೇ ಬಾವಿಯಮ್ಮ ತಿಳಿದಳು. ಅವಳಿಗೂ ಉರಿಯಿತು. “ಅವನ ಡಬ್ಬೀನೇ ಎದುರಿಗೆ ಕೂರಿಸ್ಕೊಂಡು ಓದಲಿ ಅತ್ತಿಗೆ. ಅದಾದ್ರೆ ತಲೆದೂಗುತ್ತೆ” ಎಂದುಬಿಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತಿತು.

ಪದ್ಯ ನಿಂತದ್ದು ಕೆಟ್ಟ ಜಾಗದಲ್ಲಿ. ಹರಕೆ ಹೊತ್ತು ಹೊರಟ ಒಬ್ಬ ಮುದುಕಿಯ ಕಥೆ ಅದು. ಕಾಡು ದಾಟಿ, ಬೆಟ್ಟ ದಾಟಿ, ನದಿಯ ದಡಕ್ಕೆ ಬಂದಿದ್ದಾಳೆ. ಆಚೆ ದಡದಲ್ಲಿ ಗುಡಿಯ ದೀಪ ಕಾಣುತ್ತಿದೆ. ಅಂಬಿಗನನ್ನು ಒಂದು ಸಲ ಕೂಗಿದ್ದಾಳೆ. ಅಲ್ಲಿಗೆ ಅಣ್ಣ ನೋಟ್‌ಬುಕ್ಕಿನಲ್ಲಿ ಕೆಂಪು ದಾರವಿಟ್ಟು ಮುಚ್ಚಿದ್ದ. ಏಳು ತಿಂಗಳಿಂದ ಮುದುಕಿ ಆ ದಡದಲ್ಲೇ ನಿಂತಿದ್ದಳು. ಮುಂದಿನ ಪದ್ಯ ಬಾವಿಯಮ್ಮನಿಗೆ ಬಾಯಿಪಾಠ. ಇಡೀ ಪುಸ್ತಕವೇ ಬಾಯಿಪಾಠ. ಆದರೆ ತನ್ನ ಬಾಯಿಯಿಂದಲೇ ಹೊರಟದ್ದು ತನ್ನ ಕಿವಿಗೆ ಬಿದ್ದರೆ ಅದು ಕೇಳಿದಂತೆ ಆಗುತ್ತಿರಲಿಲ್ಲ. ಒಂದೆರಡು ಸಲ ಅನ್ನ ಬೇಯುವಾಗ ಸಣ್ಣಗೆ ಹೇಳಿಕೊಂಡು ನೋಡಿದಳು. ಗುಂಡು ಇಳಿಯುತ್ತಲೇ ಇತ್ತು, ನೀರು ಸಿಗಲಿಲ್ಲ.

ಎಂಟನೆಯ ತಿಂಗಳ ಅಳತೆಗೆ ಅವಳು ಲಾಂಡ್ರಿಗೆ ಹೋದ ದಿನ ಬಟ್ಟೆ ಒಗೆಯುವ ದಿನವಲ್ಲ. ದೊಡ್ಡ ಯಂತ್ರಗಳು ಬಾಯಿ ತೆರೆದುಕೊಂಡು ನಿಂತಿದ್ದವು, ಕೆಲಸದವರಿರಲಿಲ್ಲ. ಒಡತಿಯೊಬ್ಬಳೇ ಇಸ್ತ್ರಿಮೇಜಿನ ಮೇಲೆ ಮೊಣಕೈಯೂರಿ ಕೂತು, ಹೋಗಿ ಅಳ್ಕೊಳ್ಳಿ, ಇನ್ನೇನು ಉಳಿದಿದೆ ಎಂಬಂತೆ ಕೈ ಬೀಸಿದಳು. ಅಂಗಳದಲ್ಲಿ ಅದೇ ಜಿನುಗು. ಸಿಮೆಂಟಿನ ನೆಲದ ಮೇಲೆ ನೀರು ಪೊರೆಯಂತೆ ಹರಡಿ ಚರಂಡಿಯ ಕಡೆಗೆ ಜಾರುತ್ತಿತ್ತು.

ಬಾವಿಯಮ್ಮ ಟೇಪು ಬಿಚ್ಚಿದಳು. ಗುಂಡು ಇಳಿಸಿದಳು. ಗುಳಕ್. ಕಟ್ಟೆಯ ಮೇಲಿನ ಕೆಂಪು ಬಣ್ಣದ ಗೆರೆಗೆ ಬೆರಳೊತ್ತಿ ಓದಿದಳು: ನಲವತ್ತು ಅಡಿ ಐದು ಅಂಗುಲ. ಬರೆಯಲು ಪೆನ್ನಿಗೆ ತಡಕುವಾಗ ಮೊಣಕಾಲು ಕಟ್ಟೆಗೆ ತಾಗಿ, ನೆನೆದು ಉಬ್ಬಿದ್ದ ಗಾರೆಯ ಒಂದು ಚಕ್ಕೆ ಕಳಚಿ ಅವಳ ಪಾದದ ಮೇಲೆ ಬಿತ್ತು. ಬಗ್ಗಿ ನೋಡಿದಳು. ಗಾರೆ ಬಿದ್ದ ಜಾಗದಲ್ಲಿ ಇಟ್ಟಿಗೆ. ಇಟ್ಟಿಗೆಯ ಕೆಳಗೆ ಹಳೆಯ ಕಲ್ಲು. ಕಲ್ಲಿನ ಮೇಲೆ ಉಳಿಯಿಂದ ಕೆತ್ತಿದ ಬಾಣದ ಗುರುತು. ಅದು ಅಳತೆಯ ಗುರುತು. ಅವಳಿಗಿಂತ ಹಿಂದಿನವರು, ಅವರಿಗಿಂತ ಹಿಂದಿನವರು ಬೆರಳೊತ್ತಿದ ಗುರುತು.

ಅವಳು ಟೇಪಿನಿಂದ ಆ ಗುರುತಿಗೂ ಮೇಲಿನ ಕೆಂಪು ಗೆರೆಗೂ ನಡುವಿನ ಎತ್ತರ ಹಿಡಿದಳು. ಆರು ವರಸೆ ಇಟ್ಟಿಗೆ, ಗಾರೆ ಸೇರಿ ಒಂದು ಅಡಿ ಒಂಬತ್ತು ಅಂಗುಲ.

ಕಟ್ಟೆಯನ್ನು ಯಾವಾಗ ಎತ್ತರಿಸಿದರೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಮ್ಮ ತೀರಿಕೊಂಡ ನಾಲ್ಕನೇ ದಿನ. ಮನೆಯಲ್ಲಿ ಕೂರಲಾರದೆ ಕೆಲಸಕ್ಕೆ ಹೊರಟಿದ್ದಳು. ಬಟ್ಟೆಯ ಬುಟ್ಟಿ ಒಳಗೆ ಬೀಳುತ್ತದೆಂದು ಒಡತಿ ಆ ವಾರವಷ್ಟೇ ಕಟ್ಟೆ ಎತ್ತರಿಸಿದ್ದಳು, ಗಾರೆ ಇನ್ನೂ ಹಸಿಯಾಗಿತ್ತು. ಹಳೆಯ ಗುರುತು ಮುಚ್ಚಿಹೋಗಿದ್ದರಿಂದ ಅವಳೇ ಚೀಲದಿಂದ ಬಣ್ಣ ತೆಗೆದು ಮೇಲೆ ಹೊಸ ಗೆರೆ ಎಳೆದಿದ್ದಳು. ಇಷ್ಟು ಎತ್ತರವಾಗಿದೆ, ಇಷ್ಟು ಕಳೆಯಬೇಕು ಎಂದು ಷರಾ ಬರೆಯಬೇಕು ಅಂದುಕೊಂಡದ್ದೂ ನೆನಪಿತ್ತು. ಬರೆದದ್ದು ನೆನಪಿರಲಿಲ್ಲ. ಪುಸ್ತಕದ ಹಿಂದಿನ ಪುಟಗಳನ್ನು ಅಲ್ಲೇ ತಿರುವಿದಳು. ಆ ದಿನದ ಸಾಲಿನಲ್ಲಿ ಅಂಕಿ ಇತ್ತು. ಷರಾದ ಜಾಗ ಬಿಳಿಯಾಗಿತ್ತು. ಆ ಬಿಳಿಯ ಮೇಲೆ ಒಂದು ಹನಿ ಒಣಗಿದ ಕಲೆ. ಮಳೆಯದಿರಲಾರದು, ಆ ದಿನ ಅವಳ ಮೇಲೆ ಕೊಡೆಯಿತ್ತು.

ಕೊಡೆ ಹಿಡಿದು ನಿಂತಿದ್ದವನು ಅಣ್ಣ. ಇಂಥ ಹೊತ್ತಿನಲ್ಲಿ ನೀನೊಬ್ಬಳೇ ಹೋಗ್ಬೇಡ ಎಂದು ಬಂದಿದ್ದ. ಹಸಿ ಗಾರೆಗೆ ತೋಳು ತಾಗಿಸಿಕೊಂಡು ಅಂಗಿ ಕೊಳೆ ಮಾಡಿಕೊಂಡಿದ್ದ.

ಒಳಗಿನಿಂದ ಒಡತಿ ಬಂದು ಬಿದ್ದ ಗಾರೆಯನ್ನು ನೋಡಿದಳು.

“ಇದನ್ನ ಸರಿ ಮಾಡ್ಸಿ ಅಂತ ನಿಮ್ಮಣ್ಣ ಆವತ್ತೇ ಹೇಳಿದ್ರು. ನಾನೇ ಮರೆತೆ.”

“ಯಾವತ್ತು?”

“ಬರ ಅಂತ ಸಾರಿದ್ರಲ್ಲ, ಅದೇ ವಾರ. ಬಂದು ಗೇಣು ಹಾಕಿ ಹಾಕಿ ನೋಡಿದ್ರು. ಏನ್ ಸಾರ್ ಅಂದೆ. ಏನಿಲ್ಲ, ತಂಗಿಗೆ ನಾನು ಬಂದಿದ್ದೆ ಅಂತ ಹೇಳ್ಬೇಡಿ ಅಂದ್ರು. ಈಗ ಬಾಯಿಗೆ ಬಂದ್ಬಿಡ್ತು ನೋಡಿ.”

ಬಾವಿಯಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು. ನಲವತ್ತಡಿ ಎರಡು ಅಂಗುಲದಲ್ಲಿ ಒಂದಡಿ ಒಂಬತ್ತು ಅಂಗುಲ ಕಳೆದರೆ ಮೂವತ್ತೆಂಟು ಅಡಿ ಐದು ಅಂಗುಲ. ಬರಕ್ಕೆ ಏಳು ಅಂಗುಲ ಕಡಿಮೆ. ಅವನಿಗೆ ಮೊದಲ ವಾರದಿಂದಲೇ ಗೊತ್ತಿತ್ತು. ಅವನ ಕಚೇರಿಯವರು ಗೆಲ್ಲಲು ಒಂದೇ ಒಂದು ಮಾತು ಬೇಕಾಗಿತ್ತು, ಅದು ಅವನ ಬಾಯಲ್ಲಿತ್ತು. ಅವನು ಅದನ್ನು ಹೇಳಲಿಲ್ಲ. ಮುಚ್ಚಿಟ್ಟುಕೊಂಡು ತಂಗಿಯ ಎದುರು ಕೂತು ಓದಲೂ ಇಲ್ಲ. ಹಿತ್ತಲಿಗೆ ಹೋಗಿ ಗೋಡೆಗೆ ಏನೆಂದು ಹೇಳಿಯಾನು?

ಏಳು ತಿಂಗಳ ಉರಿ ಅಷ್ಟು ಹೊತ್ತಿಗೆ ಆರಿಹೋಗಿತ್ತು. ಉಳಿದದ್ದು ಅದಕ್ಕಿಂತ ಕಷ್ಟದ್ದು. ಓಡಿಹೋಗಿ ಅವನ ಬಾಗಿಲು ತಟ್ಟಿ, ಗೊತ್ತಾಯ್ತು ಕಣೋ ಅಣ್ಣ, ಬಾ ಎಂದು ಕರೆಯಬೇಕೆನಿಸಿತು. ಕರೆದರೆ ಬಂದೂ ಬಿಡುವನು. ಆದರೆ ಊರಿಗೆ ಹೇಳದೆ ಅವನಿಗೆ ಮಾತ್ರ ಹೇಳಿದರೆ, ಒಬ್ಬನ ಬಾಯಲ್ಲಿದ್ದದ್ದು ಇಬ್ಬರ ಬಾಯಿಗೆ ಬರುತ್ತದೆ, ಅಷ್ಟೇ.

ಅವಳ ಕಚೇರಿಯ ದೊಡ್ಡ ಇಂಜಿನಿಯರು ಒಳ್ಳೆಯ ಮನುಷ್ಯ. ಅವಳು ಹೇಳಿದ್ದನ್ನೆಲ್ಲ ಕೇಳಿ, ಬಾಗಿಲು ಮುಂದೆ ಮಾಡಿ ಬಂದು ಕೂತರು. ಹತ್ತು ದಿನದಲ್ಲಿ ಪುರಭವನದಲ್ಲಿ ಬಹಿರಂಗ ವಿಚಾರಣೆ ಇತ್ತು. ಬರ ಇದೆಯೋ ಇಲ್ಲವೋ ಎಂದು ಊರಿನ ಮುಂದೆ ಎರಡೂ ಕಚೇರಿಗಳು ಹೇಳಬೇಕಿತ್ತು.

“ನೀರು ಕಡಿಮೆಯಾಗಿರೋದು ನಿಜ ತಾನೆ?” ಎಂದರು.

“ನಿಜ ಸರ್. ಏಳೂವರೆ ಅಡಿ ಹೋಗಿದೆ. ನನ್ನ ಕಾಲದಲ್ಲಿ ಇಷ್ಟು ಹೋಗಿದ್ದಿಲ್ಲ.”

“ಬರ ಹಿಂತೆಗೆದ್ರೆ ದಿನ್ನೆಗೆ ಟ್ಯಾಂಕರ್ ನಿಲ್ಲತ್ತೆ. ತಗ್ಗಿನವರು ಮತ್ತೆ ಮೆಟ್ಟಿಲು ತೊಳೀತಾರೆ. ಒಂದು ಗೆರೆ ತಪ್ಪು ಹಾಕಿ ನೀವು ಸರಿಯಾದ ಮಾತನ್ನೇ ಹೇಳಿದೀರಿ. ಅದನ್ನ ಹಾಗೇ ಬಿಟ್ರೆ ಯಾರಿಗೆ ನಷ್ಟ?”

ದಿನ್ನೆಯ ಹೆಂಗಸರು ಟ್ಯಾಂಕರಿನ ಹಿಂದೆ ಕೊಡ ಹಿಡಿದು ಸಾಲು ನಿಲ್ಲುವುದನ್ನು ಅವಳು ವಾರಕ್ಕೆರಡು ಸಲ ನೋಡುತ್ತಿದ್ದಳು. ಅವರಲ್ಲೊಬ್ಬಳು ಒಮ್ಮೆ, ನೀವೊಬ್ರಾದ್ರೂ ನಮ್ಮ ಪರ ಇದೀರಲ್ಲ ಎಂದು ಅವಳ ಕೈ ಹಿಡಿದುಕೊಂಡಿದ್ದಳು. ಆ ಹತ್ತು ದಿನ ಪ್ರಾರ್ಥನೆಗೆ ಕೂತರೆ, ದೇವರು ಎದುರಿಗೆ ಕೂತು ಬಾಯಿ ತೊಳೆದೆಯಾ ಎಂದು ಕೇಳುತ್ತಿರುವಂತೆ, ತಾನು ಇನ್ನೂ ಹಿತ್ತಲಲ್ಲೇ ನಿಂತಿರುವಂತೆ ಅನಿಸುತ್ತಿತ್ತು.

ಪುರಭವನದ ದಿನ ಬಾಗಿಲಲ್ಲಿ ಒದ್ದೆ ಕೊಡೆಗಳ ಗುಡ್ಡೆಯೇ ಬಿದ್ದಿತ್ತು. ರಿಪೇರಿಯವನು ಅದರ ಪಕ್ಕದಲ್ಲೇ ಅಂಗಡಿ ಹೂಡಿದ್ದ. ತಗ್ಗಿನವರು ಎಡಕ್ಕೆ, ದಿನ್ನೆಯವರು ಬಲಕ್ಕೆ. ಅಣ್ಣ ತನ್ನ ಕಚೇರಿಯವರ ನಡುವೆ ತಲೆ ತಗ್ಗಿಸಿ ಕೂತಿದ್ದ. ಕಿವಿಯ ಮೇಲಿನ ಕೂದಲು ಈ ಏಳೆಂಟು ತಿಂಗಳಲ್ಲಿ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಅವಳು ನೋಡಿರಲಿಲ್ಲ. ಇಷ್ಟು ಹತ್ತಿರ ಇದ್ದೂ ನೋಡಿರಲಿಲ್ಲ.

ಅವಳ ಸರದಿ ಬಂದಾಗ ಇಂಜಿನಿಯರು ಒಮ್ಮೆ ಅವಳ ಮುಖ ನೋಡಿ ಕಣ್ಣು ಮುಚ್ಚಿಕೊಂಡರು. ಅವಳು ಮೈಕಿನ ಮುಂದೆ ನಿಂತಳು. ಒಂದೇ ಉಸಿರಿಗೆ ಹೇಳಿದಳು.

“ನನ್ನ ಅಂಕಿ ತಪ್ಪು. ಬಾವಿಯ ಕಟ್ಟೆ ಎತ್ತರಿಸಿದ್ದನ್ನ ನಾನು ಬರೀಲಿಲ್ಲ. ಒಂದಡಿ ಒಂಬತ್ತು ಅಂಗುಲ ಕಳೀಬೇಕು. ಕಳೆದ್ರೆ ಕಾಯಿದೆ ಪ್ರಕಾರ ಬರ ಇಲ್ಲ. ಆದ್ರೆ ಬಾವೀಲಿ ನೀರೂ ಇಲ್ಲ. ಮೂವತ್ತೊಂದರಲ್ಲಿ ಇರ್ಬೇಕಾದ್ದು ಮೂವತ್ತೆಂಟು ದಾಟಿದೆ. ಇವೆರಡನ್ನೂ ಬರ್ಕೊಳ್ಳಿ.”

ಎರಡನ್ನೂ ಯಾರು ಬರೆದುಕೊಳ್ಳುತ್ತಾರೆ. ಮೊದಲನೆಯದು ಮುಗಿಯುವ ಹೊತ್ತಿಗೇ ಎಡಗಡೆ ಹೋ ಎಂದಿತು. ಬಲಗಡೆಯಲ್ಲಿ, ಅವಳ ಕೈ ಹಿಡಿದಿದ್ದ ಹೆಂಗಸು ಎದ್ದು ಹೊರಗೆ ನಡೆದಳು. ಅದು ಕೂಗಿಗಿಂತ ಹೆಚ್ಚು ಕೇಳಿಸಿತು. ಒಬ್ಬ, ಅಮ್ಮಾ, ಮುಂದಿನ ಸಲ ಅಳೆಯುವಾಗ ಬಾವಿಯನ್ನೂ ಜೊತೇಲಿ ತಗೊಂಡು ಹೋಗಿ ಎಂದ, ಜನ ನಕ್ಕರು. ಅಣ್ಣ ಮಾತ್ರ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ನಗಲಿಲ್ಲ, ಎದ್ದು ಬರಲೂ ಇಲ್ಲ.

ಬರದ ಆಜ್ಞೆಯನ್ನು ಹದಿನೈದು ದಿನ ತಡೆಹಿಡಿದು, ಎರಡೂ ಕಚೇರಿಗಳ ಸಮಕ್ಷಮದಲ್ಲಿ ಬಾವಿಯನ್ನು ಹಳೆಯ ಗುರುತಿನಿಂದಲೇ ಅಳೆಯಬೇಕೆಂದು ತೀರ್ಮಾನವಾಯಿತು. ಬಾವಿಯಮ್ಮನಿಗೆ ಎಚ್ಚರಿಕೆಯ ಪತ್ರ ಬಂತು. ಅಳೆಯುವ ಕೆಲಸ ಅವಳಿಗೇ ಉಳಿಯಿತು, ಯಾಕೆಂದರೆ ಆ ಗದ್ದಲದ ಊರಿನಲ್ಲಿ ಆ ಒಂದು ಗುಳಕ್ ಕೇಳಿಸಿಕೊಳ್ಳುವವರು ಬೇರೆ ಇರಲಿಲ್ಲ.

ಆ ದಿನವೂ ಜಿನುಗು. ಅದು ಶನಿವಾರ. ಲಾಂಡ್ರಿಯ ಅಂಗಳದಲ್ಲಿ ಇಪ್ಪತ್ತು ಜನ. ಒಡತಿ ಹೊಸ ಇಟ್ಟಿಗೆಯನ್ನೆಲ್ಲ ಕೀಳಿಸಿಬಿಟ್ಟಿದ್ದಳು. ಹಳೆಯ ಕಲ್ಲು, ಬಾಣದ ಗುರುತು ಬಯಲಾಗಿತ್ತು. ಅವಳು ಬಗ್ಗಿ ಟೇಪು ಬಿಚ್ಚುವಾಗ ಬೆನ್ನ ಮೇಲೆ ಬೀಳುತ್ತಿದ್ದ ಹನಿ ನಿಂತಿತು. ಮಳೆ ನಿಂತಿರಲಿಲ್ಲ. ಕಣ್ಣು ಹೊರಳಿಸಿದರೆ ಪರಿಚಿತ ಕೊಡೆಯ ಅಂಚು, ಅದನ್ನು ಹಿಡಿದ ಪರಿಚಿತ ತೋಳು. ಹವಾಮಾನ ಕಚೇರಿಯ ಪರವಾಗಿ ಸಾಕ್ಷಿಗೆ ಬಂದವನು ಅವನೇ.

“ಎಲ್ರೂ ಸುಮ್ನಿರಿ” ಎಂದು ಇಂಜಿನಿಯರು ಹೇಳಿದರು. ತಗ್ಗೂ ದಿನ್ನೆಯೂ ಸುಮ್ಮನಾದವು. ಗುಂಡು ಇಳಿಯಿತು. ಹತ್ತು ಅಡಿ, ಇಪ್ಪತ್ತು, ಮೂವತ್ತು. ಮೂವತ್ತೊಂದರಲ್ಲಿ ಅವಳ ಬೆರಳು ಅಭ್ಯಾಸದಿಂದ ನಿಧಾನವಾಯಿತು, ಅಲ್ಲಿ ನೀರಿರಲಿಲ್ಲ. ಇನ್ನೂ ಇಳಿಯಿತು. ಕೊಡೆಯ ಮೇಲೆ ಹನಿ ಬೀಳುವ ಸದ್ದು ಕೂಡ ಕೇಳುವಷ್ಟು ಮೌನ. ಕೊನೆಗೆ, ಬಹಳ ಕೆಳಗಿನಿಂದ, ಗುಳಕ್.

ಮೂವತ್ತೆಂಟು ಅಡಿ ಹತ್ತು ಅಂಗುಲ. ಬರಕ್ಕೆ ಎರಡು ಅಂಗುಲ ಕಡಿಮೆ.

ತಗ್ಗಿನವರಿಗೆ ಗೆದ್ದ ಖುಷಿ ಯಾಕೋ ಬರಲಿಲ್ಲ. ತಾವೇ ಕಿವಿಗೊಟ್ಟು ಕೇಳಿದ್ದರಲ್ಲ, ಎಷ್ಟು ಹೊತ್ತು ಇಳಿಯಿತು ಎಂದು. ದಿನ್ನೆಯವನೊಬ್ಬ, ಎರಡಂಗುಲಕ್ಕೆ ನಮ್ಮ ನಲ್ಲಿ ಬರತ್ತಾ ಎಂದು ಯಾರಿಗೂ ಅಲ್ಲದೆ ಕೇಳಿದ. ಇಂಜಿನಿಯರು ಟ್ಯಾಂಕರುಗಳನ್ನು ಇನ್ನೊಂದು ತಿಂಗಳು ಹೇಗೋ ಓಡಿಸುತ್ತೇನೆಂದು ಮೆಲ್ಲಗೆ ಹೇಳಿ, ಕಾಗದಕ್ಕೆ ಸಹಿ ಮಾಡಿಸಿಕೊಂಡು ಹೋದರು. ಸಾಕ್ಷಿಯ ಜಾಗದಲ್ಲಿ ಅಣ್ಣ ಸಹಿ ಹಾಕಿದ. ಅದರ ಕೆಳಗೆ, ಯಾರೂ ಕೇಳದಿದ್ದರೂ, ‘ಹಿಂದಿನ ಅಳತೆಯಿಂದೀಚೆಗೆ ಇಪ್ಪತ್ತೈದು ದಿನದಲ್ಲಿ ಇಪ್ಪತ್ತೆರಡು ದಿನ ಮಳೆಯಾಗಿದೆ. ಅಷ್ಟರಲ್ಲೇ ಬಾವಿ ಎರಡಂಗುಲ ಇಳಿದಿದೆ’ ಎಂದು ಬರೆದು, ಮತ್ತೊಮ್ಮೆ ಸಹಿ ಹಾಕಿದ. ಕೊಡೆಯನ್ನು ತಂಗಿಯ ಕೈಗೆ ಕೊಟ್ಟು, ತಾನು ನೆನೆಯುತ್ತಾ ಹೊರಟುಹೋದ.

ಅವಳು ಮನೆಗೆ ಬಂದು ದೀಪ ಹಚ್ಚಿದಳು. ಇಂಥ ದಿನ ಆಸೆ ಇಟ್ಟುಕೊಳ್ಳಬಾರದು ಎಂದು ತನಗೇ ಹೇಳಿಕೊಂಡಳು. ಆದರೂ ಚಾಪೆ ಹಾಸಿದಳು, ನೋಟ್‌ಬುಕ್ ತೆಗೆದಿಟ್ಟಳು. ನಲ್ಲಿಯ ಎರಡು ಗಂಟೆ ಮುಗಿದುಹೋಗಿತ್ತು. ಹಿಡಿದಿಟ್ಟ ನೀರಿನಲ್ಲಿ ಒಂದು ಲೋಟ ತುಂಬಿ ಹಿತ್ತಲಿನ ಕಲ್ಲಿನ ಮೇಲೆ ಇಟ್ಟು ಬಂದಳು. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಕಿವಿ ಅತ್ತ ಹೋಗಿ ಬರುತ್ತಿತ್ತು. ಪಕ್ಕದ ಮನೆಯವರು ಬಂದರು. ಯಾರೋ ಓಡುತ್ತ ಹೋದರು. ಆಮೇಲೆ ನಿಧಾನದ ಒಂದು ನಡಿಗೆ, ಎಡಗಾಲು ತುಸು ಎಳೆಯುವಂಥದು, ಬಾಗಿಲವರೆಗೆ ಬಂದು ನಿಂತಿತು.

ಅವನು ಒಳಗೆ ಬಂದು ಅಭ್ಯಾಸಕ್ಕೆ ಕೊಡೆ ಒರಗಿಸಲು ಕೈ ಚಾಚಿ, ಕೈಯಲ್ಲಿ ಕೊಡೆ ಇಲ್ಲವೆಂದು ನೋಡಿಕೊಂಡ. ಅದು ಆಗಲೇ ಬಾಗಿಲ ಹಿಂದೆ ಇತ್ತು. ಸೀದಾ ಹಿತ್ತಲಿಗೆ ಹೋದ. ಅವಳು ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತಳು. ಅವನು ಲೋಟ ಎತ್ತಿಕೊಂಡು, ಅಮ್ಮನ ಗೋಡೆಯ ಕಡೆಗೆ ತಿರುಗಿದ.

“ಕಟ್ಟೆ ಎತ್ತರ ಆಗಿದ್ದು ನನಗೆ ಗೊತ್ತಿತ್ತಮ್ಮಾ. ಹೇಳಿದ್ರೆ ಇವಳಿಗೆ ಅವಮಾನ. ಹೇಳ್ದೇ ಇದ್ರೆ ಇಲ್ಲಿ ಬಂದು ಕೂರೋ ಹಾಗಿಲ್ಲ. ಅದಕ್ಕೇ ಬರ್ಲಿಲ್ಲ.”

“ಅವನ ಮೇಲೆ ಅತ್ತಿಗೆ ಹತ್ರ ಕೆಟ್ಟ ಮಾತಾಡಿದೆ ಅಮ್ಮಾ” ಎಂದಳು ತಂಗಿ.

“ಅದು ಬಂತು ನನ್ನ ಕಿವಿಗೆ. ಡಬ್ಬಿ ತಲೆದೂಗತ್ತೆ ಅಂದ್ಯಂತೆ.” ಅವನ ತುಟಿ ಕೊಂಚ ಸಡಿಲವಾಯಿತು. “ನಿಜಕ್ಕೂ ಒಂದಿನ ಅದರೆದುರು ಓದಿದೆ ಕಣೆ. ಏನೂ ಅನ್ಲಿಲ್ಲ.”

ಅವನು ಮುಕ್ಕಳಿಸಿ ಉಗುಳಿದ. ಲೋಟದಲ್ಲಿ ಉಳಿದ ಅರ್ಧವನ್ನು ಅವಳಿಗೆ ಕೊಟ್ಟ. ನೀರು ಕಲ್ಲಿನ ಮೇಲೆ ಹರಿದು ಮಣ್ಣಿಗೆ ಇಳಿಯಿತು. ಅಷ್ಟಾದರೂ ಕೆಳಗೆ ಹೋಗಲಿ ಎಂದು ಅವಳಿಗೆ ಅನಿಸಿತು.

ಒಳಗೆ ಬಂದು ಕೂತರು. ದೀಪವನ್ನು ಅವನ ಕಡೆಗೆ ಸರಿಸಿದಳು. ಅವನು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, ಪುಟಗಳ ನಡುವೆ ದಾರ ಹುಡುಕಿದ. ದಾರ ಎಲ್ಲೋ ಜಾರಿಹೋಗಿತ್ತು.

“ಎಲ್ಲಿಗೆ ನಿಲ್ಸಿದ್ವಿ?”

ಅವಳಿಗೆ ಗೊತ್ತಿತ್ತು. ಪುಟ ಗೊತ್ತಿತ್ತು, ಸಾಲು ಗೊತ್ತಿತ್ತು, ಮುದುಕಿ ಕೂಗಿದ ಕೂಗು ಆಚೆ ದಡ ಮುಟ್ಟಿತೋ ಇಲ್ಲವೋ ಎಂಬುದೂ ಗೊತ್ತಿತ್ತು. ಆದರೆ ಅವಳದು ಕೇಳುವ ಪಾಲು; ಕಣ್ಣು ಮುಚ್ಚಿ ಕೂತಳು. ಅವನು ಪುಟ ಮಗುಚುವ ಸದ್ದು ಕೇಳುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ಸದ್ದು ನಿಂತಿತು. ಅವನು ಗಂಟಲು ಸರಿಮಾಡಿಕೊಂಡು, ಉಸಿರೆಳೆದುಕೊಂಡ.